ಸ್ಪೀಕರ್‌ಗೆ ತಕ್ಕ ರಿಸೀವರ್

ನನ್ನ ಪರಿಚಯದವರೊಬ್ಬರು ಮನೆಯ ಹಾಲ್‌ಗೆಂದು ಹೋಮ್ ಥಿಯೇಟರ್ ರಿಸೀವರ್ ಒಂದನ್ನು ಕೊಂಡರು. ಅದರ ಪೆಟ್ಟಿಗೆಯ ಮೇಲೆ ‘ಪ್ರತಿ ಚಾನೆಲ್‌ಗೆ 150 ವಾಟ್’ ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿತ್ತು. ಅವರ ಮನೆಯಲ್ಲಿ ಮೊದಲೇ ಎರಡು ದೊಡ್ಡ ಸ್ಪೀಕರ್‌ಗಳಿದ್ದವು. ಶಬ್ದ ಇನ್ನಷ್ಟು ತುಂಬಿ ಬರಲಿ ಎಂದು ಅಟ್ಟದ ಮೇಲಿದ್ದ ಹಳೆಯ ಜೋಡಿಯನ್ನೂ ಇಳಿಸಿ, ಅದೇ ತುದಿಗಳಿಗೆ ಸೇರಿಸಿದರು. ಸಿನಿಮಾದ ಮೊದಲ ಅರ್ಧ ಗಂಟೆ ಎಲ್ಲವೂ ಚೆನ್ನಾಗಿತ್ತು. ಹೊಡೆದಾಟದ ದೃಶ್ಯ ಬಂದಾಗ ವಾಲ್ಯೂಮ್ ಏರಿಸಿದರು. ರಿಸೀವರ್ ‘ಟಕ್’ ಎಂದು ಸದ್ದುಮಾಡಿ ಆರಿಹೋಯಿತು. ತಣ್ಣಗಾದ ಮೇಲೆ ಮತ್ತೆ ಹಾಕಿದರೆ ಮತ್ತದೇ ಕಥೆ. ಒಂದು ವಾರದಲ್ಲಿ ಒಂದು ಸ್ಪೀಕರ್‌ನ ಟ್ವೀಟರ್ ಮೂಕವಾಯಿತು. ರಿಸೀವರ್ ಕೆಟ್ಟಿದೆಯೆಂದು ಹೊತ್ತುಕೊಂಡು ಹೋಗಿ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಜೋಡಣೆಯಲ್ಲಿ.

ಇಂಥ ಕಥೆ ನಿಮ್ಮ ಮನೆಯದೂ ಆಗಬಾರದಲ್ಲವೆ? ಹಾಗಿದ್ದರೆ ಕಡಿಮೆ ಹಣದಲ್ಲಿ ರಿಸೀವರ್ ಕೊಳ್ಳುವ ಮೊದಲು ಎರಡು ಅಂಕಿಗಳ ಅರ್ಥ ತಿಳಿದಿರಬೇಕು. ಆ ಎರಡೂ ಅಂಕಿಗಳು ಇರುವುದು ರಿಸೀವರ್‌ನ ಮೇಲಲ್ಲ, ನಿಮ್ಮ ಸ್ಪೀಕರ್‌ನ ಬೆನ್ನಿನ ಮೇಲೆ.

ರಿಸೀವರ್ ಮಾಡುವ ಕೆಲಸ

‘ರಿಸೀವರ್’ ಎಂಬ ಹೆಸರು ರೇಡಿಯೊ ಕಾಲದಿಂದ ಬಂದದ್ದು. ರೇಡಿಯೊ ಸಂಕೇತವನ್ನು ಹಿಡಿಯುವ ಟ್ಯೂನರ್ ಮತ್ತು ಅದನ್ನು ಬಲಪಡಿಸುವ ವರ್ಧಕ, ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದನ್ನು ರಿಸೀವರ್ ಎನ್ನುತ್ತಿದ್ದರು. ಇಂದಿನ ಹೋಮ್ ಥಿಯೇಟರ್ ರಿಸೀವರ್ ಮುಖ್ಯವಾಗಿ ಮೂರು ಕೆಲಸ ಮಾಡುತ್ತದೆ. ಟಿ.ವಿ., ಡಿಸ್ಕ್ ಪ್ಲೇಯರ್, ಸೆಟ್ ಟಾಪ್ ಬಾಕ್ಸ್‌ಗಳಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳುವುದು ಮೊದಲನೆಯದು. ಸಂಕೇತ ರೂಪದಲ್ಲಿ ಬರುವ ಧ್ವನಿಯನ್ನು ಬಿಡಿಸಿ ಬೇರೆಬೇರೆ ಚಾನೆಲ್‌ಗಳಿಗೆ ಹಂಚುವುದು ಎರಡನೆಯದು. ಪ್ರತಿ ಚಾನೆಲ್‌ನ ದುರ್ಬಲ ಸಂಕೇತವನ್ನು ಸ್ಪೀಕರ್ ಓಡಿಸುವಷ್ಟು ಬಲಪಡಿಸುವುದು ಮೂರನೆಯದು.

ಡಾಲ್ಬಿ ಡಿಜಿಟಲ್ ವ್ಯವಸ್ಥೆ ಚಿತ್ರಮಂದಿರಗಳಿಗೆ ಬಂದದ್ದು 1992ರಲ್ಲಿ, ಡಿಟಿಎಸ್ 1993ರಲ್ಲಿ. ಇವು ಮನೆಗಳಿಗೂ ಬಂದಾಗ ‘5.1’ ಎಂಬ ಮಾತು ಬಳಕೆಗೆ ಬಂತು. ಎದುರಿಗೆ ಎಡ, ಬಲ ಮತ್ತು ನಡುವೆ ಮೂರು ಸ್ಪೀಕರ್, ಕೇಳುಗರ ಅಕ್ಕಪಕ್ಕ ಅಥವಾ ಹಿಂದೆ ಎರಡು, ಒಟ್ಟು ಐದು. ‘.1’ ಎಂದರೆ ಗುಡುಗು, ಸ್ಫೋಟಗಳಂಥ ತಗ್ಗು ಧ್ವನಿಗೆ ಮೀಸಲಾದ ಚಾನೆಲ್. ಅದು ಸಬ್‌ವೂಫರ್‌ಗೆ ಹೋಗುತ್ತದೆ.

ಮೊದಲ ಎರಡು ಕೆಲಸಗಳನ್ನು ಚಿಪ್‌ಗಳು ಮಾಡುತ್ತವೆ. ಅಗ್ಗದ ರಿಸೀವರ್ ಕೂಡ ಇವನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಮೂರನೆಯದಕ್ಕೆ ಮಾತ್ರ ದೊಡ್ಡ ಟ್ರಾನ್ಸ್‌ಫಾರ್ಮರ್, ದಪ್ಪ ಅಲ್ಯೂಮಿನಿಯಮ್ ಹೀಟ್‌ಸಿಂಕ್, ಗಟ್ಟಿ ಟ್ರಾನ್ಸಿಸ್ಟರ್‌ಗಳು ಬೇಕು. ಬೆಲೆ ಇಳಿಸಬೇಕಾದಾಗ ತಯಾರಕರು ಕೈಹಾಕುವುದು ಇಲ್ಲಿಗೇ. ಆದ್ದರಿಂದ ನಾವು ಎಚ್ಚರ ವಹಿಸಬೇಕಾದದ್ದೂ ಇಲ್ಲೇ.

ಮೊದಲ ಅಂಕಿ: ಓಮ್

ಸ್ಪೀಕರ್‌ನ ಹಿಂಭಾಗದಲ್ಲಿ 4, 6 ಅಥವಾ 8 ಓಮ್ ಎಂದು ಬರೆದಿರುತ್ತದೆ. ಇದು ಸ್ಪೀಕರ್ ತನ್ನೊಳಗೆ ಹರಿಯುವ ವಿದ್ಯುತ್ತಿಗೆ ಒಡ್ಡುವ ಅಡ್ಡಿ. ಸ್ಪೀಕರ್‌ಗೆ ಹೋಗುವ ವಿದ್ಯುತ್ತು ಧ್ವನಿಯ ಜೊತೆ ಸದಾ ಬದಲಾಗುವುದರಿಂದ ಇದನ್ನು ಬರೀ ರೋಧ ಎನ್ನದೆ ಇಂಪೀಡೆನ್ಸ್ ಎನ್ನುತ್ತಾರೆ. ಧ್ವನಿಯ ಆವೃತ್ತಿ ಬದಲಾದಂತೆ ಇದೂ ಏರಿಳಿಯುತ್ತದೆ. ಹಣೆಪಟ್ಟಿಯ ಮೇಲಿನದು ಒಂದು ಪ್ರಾತಿನಿಧಿಕ ಅಂಕಿ ಮಾತ್ರ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಸ್ಪೀಕರ್‌ನ ಇಂಪೀಡೆನ್ಸ್ ಈ ಅಂಕಿಯ ಶೇಕಡ 80ಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ 8 ಓಮ್ ಎಂದು ಬರೆದದ್ದು 6.4 ಓಮ್‌ವರೆಗೆ ಇಳಿಯಬಹುದು.

ಇದು ರಿಸೀವರ್‌ಗೆ ಏಕೆ ಮುಖ್ಯ? ಹೈಸ್ಕೂಲಿನಲ್ಲಿ ಕಲಿತ ಓಮ್‌ನ ನಿಯಮ ನೆನಪಿಸಿಕೊಳ್ಳಿ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ ಸಿಗುತ್ತದೆ. ವಾಲ್ಯೂಮ್ ಒಂದು ಮಟ್ಟದಲ್ಲಿದ್ದಾಗ ರಿಸೀವರ್ 20 ವೋಲ್ಟ್ ಕೊಡುತ್ತಿದೆ ಎನ್ನೋಣ.

8 ಓಮ್ ಸ್ಪೀಕರ್‌ಗೆ: 2.5 ಆಂಪಿಯರ್, 50 ವಾಟ್
4 ಓಮ್ ಸ್ಪೀಕರ್‌ಗೆ: 5 ಆಂಪಿಯರ್, 100 ವಾಟ್
2 ಓಮ್ ಹೊರೆಗೆ: 10 ಆಂಪಿಯರ್, 200 ವಾಟ್

ಓಮ್ ಅರ್ಧವಾದರೆ ರಿಸೀವರ್ ಹರಿಸಬೇಕಾದ ಪ್ರವಾಹ ಇಮ್ಮಡಿಯಾಗುತ್ತದೆ. ಜೊತೆಗೆ ಅದರೊಳಗಿನ ಟ್ರಾನ್ಸಿಸ್ಟರ್‌ಗಳು ಹೆಚ್ಚೆಚ್ಚು ಬಿಸಿಯಾಗುತ್ತವೆ. ಪರಿಚಯದವರ ಮನೆಯಲ್ಲಿ ಆದದ್ದು ಇದೇ. ಅವರ ಎರಡೂ ಜೋಡಿ ಸ್ಪೀಕರ್‌ಗಳು 4 ಓಮ್‌ನವು. ಒಂದೇ ತುದಿಗೆ ಎರಡನ್ನು ಸಮಾಂತರವಾಗಿ ಸೇರಿಸಿದಾಗ ಹೊರೆ 2 ಓಮ್‌ಗೆ ಇಳಿಯಿತು. ರಿಸೀವರ್‌ನ ರಕ್ಷಣಾ ಮಂಡಲ ಅಪಾಯವನ್ನು ಗ್ರಹಿಸಿ ಸ್ಪೀಕರ್‌ಗಳ ಸಂಪರ್ಕ ಕಡಿದುಹಾಕಿತು. ಆ ‘ಟಕ್’ ಸದ್ದು ರಿಲೇಯದು.

ಕಡಿಮೆ ಬೆಲೆಯ ಹಲವು ರಿಸೀವರ್‌ಗಳ ಹಿಂಭಾಗದಲ್ಲಿ ‘6 ರಿಂದ 16 ಓಮ್’ ಎಂದು ಮುದ್ರಿಸಿರುತ್ತದೆ. ನಿಮ್ಮ ಸ್ಪೀಕರ್ 4 ಓಮ್‌ನದಾದರೆ ಆ ರಿಸೀವರ್ ನಿಮಗಲ್ಲ. ಕೆಲವು ರಿಸೀವರ್‌ಗಳ ಮೆನುವಿನಲ್ಲಿ ‘4 ಓಮ್’ ಎಂಬ ಆಯ್ಕೆ ಇರುತ್ತದೆ. ಇದರಿಂದ ಶಕ್ತಿಯೇನೂ ಹೆಚ್ಚುವುದಿಲ್ಲ. ರಿಸೀವರ್ ಒಳಗಿನ ವೋಲ್ಟೇಜ್ ತಗ್ಗಿ ಬಿಸಿ ಕಡಿಮೆಯಾಗುತ್ತದೆ, ಜೊತೆಗೆ ಸಿಗುವ ವಾಟ್ ಕೂಡ ಕಡಿಮೆಯಾಗುತ್ತದೆ. ಹೊಸದಾಗಿ ಸ್ಪೀಕರ್ ಕೊಳ್ಳುವವರು 8 ಓಮ್‌ನದನ್ನೇ ಆರಿಸಿಕೊಂಡರೆ ಈ ತಲೆನೋವೇ ಇರುವುದಿಲ್ಲ.

ಎರಡನೆಯ ಅಂಕಿ: ಸಂವೇದನಶೀಲತೆ

ಒಂದೇ ಒಂದು ವಾಟ್ ಕೊಟ್ಟಾಗ, ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬೆಲ್ ಶಬ್ದ ಮಾಡುತ್ತದೆ? ಇದೇ ಅದರ ಸಂವೇದನಶೀಲತೆ. ಮನೆ ಬಳಕೆಯ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯವಾಗಿ 83ರಿಂದ 92 ಡೆಸಿಬೆಲ್ ನಡುವೆ ಇರುತ್ತದೆ. 83 ಎಲ್ಲಿ, 92 ಎಲ್ಲಿ, ಅಂಥ ವ್ಯತ್ಯಾಸವೇನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ಡೆಸಿಬೆಲ್ ಸಾಮಾನ್ಯ ಅಳತೆಕೋಲಲ್ಲ, ಅದು ಲಾಗರಿದಮ್ ಅಳತೆ.

3 ಡೆಸಿಬೆಲ್ ಹೆಚ್ಚಲು 2 ಪಟ್ಟು ವಾಟ್ ಬೇಕು
6 ಡೆಸಿಬೆಲ್ ಹೆಚ್ಚಲು 4 ಪಟ್ಟು
10 ಡೆಸಿಬೆಲ್ ಹೆಚ್ಚಲು 10 ಪಟ್ಟು
20 ಡೆಸಿಬೆಲ್ ಹೆಚ್ಚಲು 100 ಪಟ್ಟು

ನಮ್ಮ ಕಿವಿಗೆ ಶಬ್ದ ‘ಎರಡರಷ್ಟಾಯಿತು’ ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು. ಈಗ ಅಂಗಡಿಯಲ್ಲಿ ನಿಂತು ಯೋಚಿಸಿ. 80 ವಾಟ್‌ನ ರಿಸೀವರ್ ಬಿಟ್ಟು ಇನ್ನಷ್ಟು ಹಣ ತೆತ್ತು 100 ವಾಟ್‌ನದನ್ನು ಕೊಂಡರೆ ನಿಮಗೆ ಸಿಗುವ ಹೆಚ್ಚುವರಿ ಶಬ್ದ ಕೇವಲ 1 ಡೆಸಿಬೆಲ್. ಅದು ಕಿವಿಗೆ ತಿಳಿಯುವುದೇ ಕಷ್ಟ. ಅದೇ 86 ಡೆಸಿಬೆಲ್‌ನ ಸ್ಪೀಕರ್ ಬದಲು 89 ಡೆಸಿಬೆಲ್‌ನದನ್ನು ಆರಿಸಿಕೊಂಡರೆ ರಿಸೀವರ್‌ನ ಸಾಮರ್ಥ್ಯ ಇಮ್ಮಡಿಸಿದಷ್ಟು ಲಾಭ. ಹಣ ಸೀಮಿತವಾಗಿದ್ದಾಗ ಮೊದಲು ಸ್ಪೀಕರ್, ಆಮೇಲೆ ರಿಸೀವರ್ ಎನ್ನುವುದು ಇದಕ್ಕೇ.

ಇಲ್ಲೊಂದು ಸಣ್ಣ ಉಪಾಯವನ್ನು ಗಮನಿಸಿ. ಕೆಲವು ತಯಾರಕರು ‘1 ವಾಟ್‌ಗೆ’ ಎನ್ನುವ ಬದಲು ‘2.83 ವೋಲ್ಟ್‌ಗೆ’ ಎಂದು ಬರೆಯುತ್ತಾರೆ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ 1 ವಾಟ್. 4 ಓಮ್‌ನದಕ್ಕೆ ಅದೇ ವೋಲ್ಟೇಜ್ 2 ವಾಟ್ ಆಗುತ್ತದೆ. ಆದ್ದರಿಂದ 4 ಓಮ್ ಸ್ಪೀಕರ್‌ನ ಅಂಕಿಯನ್ನು ಹೋಲಿಸುವ ಮುನ್ನ ಅದರಿಂದ 3 ಡೆಸಿಬೆಲ್ ಕಳೆಯಿರಿ.

ನಿಮ್ಮ ಹಾಲ್‌ಗೆ ಎಷ್ಟು ವಾಟ್ ಬೇಕು?

ಒಂದು ಚಿಕ್ಕ ಲೆಕ್ಕ ಮಾಡೋಣ. ನೀವು ಸ್ಪೀಕರ್‌ನಿಂದ 3 ಮೀಟರ್ ದೂರದಲ್ಲಿ ಕೂರುತ್ತೀರಿ, ನಿಮ್ಮ ಸ್ಪೀಕರ್‌ನ ಸಂವೇದನಶೀಲತೆ 86 ಡೆಸಿಬೆಲ್. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ 3 ಮೀಟರ್‌ಗೆ 9.5 ಡೆಸಿಬೆಲ್ ನಷ್ಟ. ಆದರೆ ಕೋಣೆಯ ಗೋಡೆಗಳು ಶಬ್ದವನ್ನು ಪ್ರತಿಫಲಿಸಿ ಸ್ವಲ್ಪ ಭಾಗವನ್ನು ಹಿಂದಿರುಗಿಸುತ್ತವೆ. ಅದನ್ನು ಅಂದಾಜು 3 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಹಾಗಾದರೆ 1 ವಾಟ್‌ಗೆ ನೀವು ಕೂತಲ್ಲಿ ಸಿಗುವುದು 86 – 9.5 + 3 = 79.5 ಡೆಸಿಬೆಲ್.

ಮನೆಯಲ್ಲಿ ಸಿನಿಮಾ ನೋಡುವಾಗ ಸರಾಸರಿ 70 ಡೆಸಿಬೆಲ್ ಇದ್ದರೆ ಸಾಕಷ್ಟು ಗಟ್ಟಿಯೇ. ಇದಕ್ಕೆ ಬೇಕಾಗುವುದು ಒಂದು ವಾಟ್‌ನ ಸುಮಾರು ಒಂಬತ್ತನೆಯ ಒಂದು ಭಾಗ! ಆದರೆ ಗುಂಡಿನ ಸದ್ದು, ಬಾಗಿಲು ಬಡಿದ ಸದ್ದು ಬಂದಾಗ ಕ್ಷಣಮಾತ್ರ 20 ಡೆಸಿಬೆಲ್ ಮೇಲೇರಬಹುದು. ಆಗ 90 ಡೆಸಿಬೆಲ್ ಬೇಕು. ಅದಕ್ಕೆ ಸುಮಾರು 11 ವಾಟ್. ಸ್ಪೀಕರ್ 90 ಡೆಸಿಬೆಲ್‌ನದಾದರೆ 4.5 ವಾಟ್ ಸಾಕು, 83 ಡೆಸಿಬೆಲ್‌ನ ಪುಟ್ಟ ಸ್ಪೀಕರ್ ಆದರೆ 22 ವಾಟ್ ಬೇಕು.

ನೋಡಿದಿರಾ, ನಮ್ಮ ನಡುಮನೆಗಳಿಗೆ ಪ್ರಾಮಾಣಿಕವಾದ 50 ವಾಟ್ ಧಾರಾಳವಾಯಿತು. ಚಿತ್ರಮಂದಿರದ ಪೂರ್ತಿ ಅಬ್ಬರ ಬೇಕೆನ್ನುವವರ ಲೆಕ್ಕ ಬೇರೆ. ಅಲ್ಲಿ ಪ್ರತಿ ಮುಖ್ಯ ಚಾನೆಲ್‌ನ ಶಿಖರ ಮಟ್ಟ 105 ಡೆಸಿಬೆಲ್. 86 ಡೆಸಿಬೆಲ್‌ನ ಸ್ಪೀಕರ್‌ನಿಂದ ಅಷ್ಟು ಹೊರಡಿಸಲು 350 ವಾಟ್‌ಗೂ ಹೆಚ್ಚು ಬೇಕು. ಯಾವ ಅಗ್ಗದ ರಿಸೀವರ್‌ಗೂ ಅದು ಸಾಧ್ಯವಿಲ್ಲ.

ಪೆಟ್ಟಿಗೆಯ ಮೇಲಿನ ವಾಟ್

‘ಪ್ರಾಮಾಣಿಕ’ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಒಂದು ಕಾಲದಲ್ಲಿ ನಮ್ಮ ಪೇಟೆಗಳಲ್ಲಿ ‘ಸಾವಿರ ವಾಟ್ ಪಿ.ಎಂ.ಪಿ.ಒ.’ ಎಂಬ ಚೀಟಿ ಅಂಟಿಸಿದ ಪುಟ್ಟ ಟೇಪ್‌ರೆಕಾರ್ಡರ್‌ಗಳು ಮಾರಾಟವಾಗುತ್ತಿದ್ದುದು ನಿಮಗೆ ನೆನಪಿರಬಹುದು. ಗೋಡೆಯ ಪ್ಲಗ್‌ನಿಂದ ಕೆಲವೇ ವಾಟ್ ಪಡೆಯುವ ಯಂತ್ರ ಸಾವಿರ ವಾಟ್ ಹೊರಹಾಕುವುದು ಹೇಗೆ ಸಾಧ್ಯ? ಶಕ್ತಿಯ ಸಂರಕ್ಷಣಾ ನಿಯಮ ಇದನ್ನು ಒಪ್ಪುವುದಿಲ್ಲ. ಪಿ.ಎಂ.ಪಿ.ಒ.ವನ್ನು ಅಳೆಯಲು ಎಲ್ಲರೂ ಒಪ್ಪಿದ ಮಾನಕವೇ ಇರಲಿಲ್ಲ. ಅಮೆರಿಕದಲ್ಲಿಯೂ ಇಂಥ ಉತ್ಪ್ರೇಕ್ಷೆ ಮಿತಿಮೀರಿದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ವರ್ಧಕಗಳ ವಾಟ್ ಹೇಳಿಕೆಗಳಿಗೆ ನಿಯಮ ರೂಪಿಸಿತು. 2024ರಲ್ಲಿ ಆ ನಿಯಮವನ್ನು ಪರಿಷ್ಕರಿಸಿತು.

ಇಂದಿನ ರಿಸೀವರ್‌ಗಳ ಅಂಕಿಗಳು ಅಷ್ಟು ಸುಳ್ಳಲ್ಲ. ಆದರೆ ಕೆಳಗಿನ ಸಣ್ಣ ಅಕ್ಷರಗಳನ್ನು ಓದಬೇಕು. ‘150 ವಾಟ್, 6 ಓಮ್, 1 ಕಿಲೋಹರ್ಟ್ಸ್, ಶೇಕಡ 10 ವಿಕೃತಿ, 1 ಚಾನೆಲ್’ ಎಂದಿದ್ದರೆ ಏನರ್ಥ? ಒಂದೇ ಚಾನೆಲ್‌ಗೆ ಒಂದೇ ಸ್ವರವನ್ನು ಕೊಟ್ಟು, ಧ್ವನಿ ಒಡೆಯುವಷ್ಟು ಹಿಂಡಿದಾಗ ಸಿಕ್ಕಿದ ಅಂಕಿ ಇದು. 6 ಓಮ್‌ಗೆ 150 ವಾಟ್ ಎಂದರೆ 30 ವೋಲ್ಟ್. ಅದೇ ವೋಲ್ಟೇಜ್ 8 ಓಮ್‌ಗೆ ಕೊಡುವುದು 112 ವಾಟ್. ಧ್ವನಿ ಶುದ್ಧವಾಗಿರಬೇಕೆಂದರೆ ಸುಮಾರು ಕಾಲುಭಾಗ ಕಳೆಯಿರಿ, 85 ವಾಟ್ ಆಯಿತು. ಎರಡು ಚಾನೆಲ್ ಒಟ್ಟಿಗೆ ದುಡಿದರೆ ಇನ್ನೂ ಇಳಿಯುತ್ತದೆ. ಐದೂ ಚಾನೆಲ್ ಒಟ್ಟಿಗೆ ದುಡಿದರೆ ಮತ್ತಷ್ಟು ಇಳಿಯುತ್ತದೆ. ಏಕೆಂದರೆ ಐದಕ್ಕೂ ವಿದ್ಯುತ್ತು ಬರುವುದು ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ.

ಹೋಲಿಕೆಗೆ ಯೋಗ್ಯವಾದ ಹೇಳಿಕೆ ಹೀಗಿರುತ್ತದೆ: ‘8 ಓಮ್, 20ರಿಂದ 20,000 ಹರ್ಟ್ಸ್, ಶೇಕಡ 0.1ರ ಆಸುಪಾಸಿನ ವಿಕೃತಿ, 2 ಚಾನೆಲ್ ಒಟ್ಟಿಗೆ’. ಎರಡು ರಿಸೀವರ್‌ಗಳನ್ನು ತೂಗುವಾಗ ಈ ಸಾಲನ್ನು ಮಾತ್ರ ಎದುರುಬದುರು ಇಟ್ಟು ನೋಡಿ. ತೂಕವೂ ಒಂದು ಸುಳಿವು. ಒಂದೇ ಬಗೆಯ ಎರಡು ರಿಸೀವರ್‌ಗಳಲ್ಲಿ ಭಾರವಾದದ್ದರಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್‌ಸಿಂಕ್ ದೊಡ್ಡವಿರುತ್ತವೆ.

ಕಡಿಮೆ ವಾಟ್ ಸ್ಪೀಕರನ್ನು ಸುಡಬಲ್ಲದೆ?

ಸ್ಪೀಕರ್‌ನ ಮೇಲೆ ‘ಗರಿಷ್ಠ 100 ವಾಟ್’ ಎಂದಿದ್ದರೆ 50 ವಾಟ್‌ನ ರಿಸೀವರ್ ಅದಕ್ಕೆ ಪೂರ್ತಿ ಸುರಕ್ಷಿತ ಎಂದು ಬಹಳ ಜನ ನಂಬಿದ್ದಾರೆ. ಇದು ಅರ್ಧ ಸತ್ಯ. ವಾಲ್ಯೂಮ್ ಹಿತಮಿತವಾಗಿದ್ದರೆ ಯಾವ ತೊಂದರೆಯೂ ಇಲ್ಲ. ಶಕ್ತಿ ಮೀರಿ ಏರಿಸಿದಾಗ ರಿಸೀವರ್ ಕೊಡಬಲ್ಲ ವೋಲ್ಟೇಜ್ ಮುಗಿದುಹೋಗುತ್ತದೆ. ದುಂಡಗಿನ ಅಲೆಯ ತಲೆ ಕತ್ತರಿಸಿದಂತಾಗಿ ಚಪ್ಪಟೆಯಾಗುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಪೂರ್ತಿ ಚೌಕಾಕಾರಕ್ಕೆ ಬಂದ ಅಲೆಯ ಸರಾಸರಿ ಸಾಮರ್ಥ್ಯ ಅಷ್ಟೇ ಎತ್ತರದ ದುಂಡು ಅಲೆಯದಕ್ಕಿಂತ ಎರಡು ಪಟ್ಟು. ಮೇಲಾಗಿ ಚೂಪಾದ ಮೂಲೆಗಳಿಂದ ಮೂಲ ಧ್ವನಿಯಲ್ಲಿ ಇಲ್ಲದ ಹೆಚ್ಚು ಆವೃತ್ತಿಯ ಧ್ವನಿಗಳು ಹುಟ್ಟುತ್ತವೆ. ಅವೆಲ್ಲ ಹೋಗುವುದು ಟ್ವೀಟರ್‌ಗೆ. ಅದರ ಸುರುಳಿ ಕೂದಲೆಳೆಯಂಥ ತಂತಿಯದು, ಕೆಲವೇ ವಾಟ್‌ಗಳನ್ನು ತಡೆಯಬಲ್ಲದು. ಬಿಸಿಯಾಗಿ ಕಡಿದುಹೋಗುತ್ತದೆ. ಮೇಲಿನ ಕಥೆಯಲ್ಲಿ ಟ್ವೀಟರ್ ಮೂಕವಾದದ್ದು ಹೀಗೆ.

ಧ್ವನಿ ಒಡೆದಂತೆ, ಕರ್ಕಶವಾದಂತೆ ಕೇಳಿದರೆ ಕೂಡಲೇ ವಾಲ್ಯೂಮ್ ಇಳಿಸಿ. ಟ್ವೀಟರ್ ಉಳಿಸಿಕೊಳ್ಳಲು ಇದಕ್ಕಿಂತ ಅಗ್ಗದ ಉಪಾಯ ಬೇರಿಲ್ಲ.

ಸಬ್‌ವೂಫರ್‌ನ ನೆರವು

ತಗ್ಗು ಧ್ವನಿ ಹೊರಡಿಸಲು ಹೆಚ್ಚು ಗಾಳಿಯನ್ನು ಅಲುಗಿಸಬೇಕು, ಅದಕ್ಕೆ ಹೆಚ್ಚು ಶಕ್ತಿ ಬೇಕು. ಈ ಹೊರೆಯನ್ನು ಇಳಿಸಿದರೆ ಚಿಕ್ಕ ರಿಸೀವರ್ ಕೂಡ ಹಗುರವಾಗಿ ದುಡಿಯುತ್ತದೆ. ತನ್ನದೇ ವರ್ಧಕ ಇರುವ ಸಬ್‌ವೂಫರ್ ಜೋಡಿಸಿ, ರಿಸೀವರ್ ಮೆನುವಿನಲ್ಲಿ ಉಳಿದ ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಕ್ರಾಸ್‌ಓವರನ್ನು 80 ಹರ್ಟ್ಸ್‌ಗೆ ಇಡಿ. ಆಗ 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯ ಬಹುಪಾಲು ಸಬ್‌ವೂಫರ್ ಪಾಲಿಗೆ ಹೋಗುತ್ತದೆ. ಅಂಗೈಯಗಲದ ಪುಟ್ಟ ಸ್ಪೀಕರ್‌ಗಳಿಗೆ 100 ಅಥವಾ 120 ಹರ್ಟ್ಸ್ ಸೂಕ್ತ. ‘ಸ್ಮಾಲ್’ ಎಂಬ ಪದ ಕಂಡು ಬೇಸರ ಬೇಡ. ದೊಡ್ಡ ಸ್ಪೀಕರ್‌ಗಳಿಗೂ ಅಗ್ಗದ ರಿಸೀವರ್ ಇದ್ದಾಗ ಇದೇ ಒಳ್ಳೆಯ ಏರ್ಪಾಟು.

ಹಳೆಯ ಸೆಟ್, ಹೊರದೇಶದ ರಿಸೀವರ್

ಡಿ.ವಿ.ಡಿ. ಪ್ಲೇಯರ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿದ್ದ ಹೋಮ್ ಥಿಯೇಟರ್ ಸೆಟ್‌ಗಳ ಸ್ಪೀಕರ್‌ಗಳು ಹಲವರ ಮನೆಯಲ್ಲಿ ಉಳಿದಿವೆ. ಯಂತ್ರ ಕೆಟ್ಟಿದೆ, ಸ್ಪೀಕರ್‌ಗಳು ಚೆನ್ನಾಗಿವೆ, ರಿಸೀವರ್ ಮಾತ್ರ ಕೊಂಡರಾಯಿತಲ್ಲ ಎನ್ನಿಸುತ್ತದೆ. ಮೊದಲು ಅವುಗಳ ಬೆನ್ನು ನೋಡಿ. ಇಂಥ ಸೆಟ್‌ಗಳಲ್ಲಿ 3 ಅಥವಾ 4 ಓಮ್‌ನ ಸ್ಪೀಕರ್‌ಗಳು ಸಾಮಾನ್ಯ. ಅವುಗಳ ಸಬ್‌ವೂಫರ್‌ಗೆ ಸ್ವಂತ ವರ್ಧಕ ಇರುವುದಿಲ್ಲ, ಆದ್ದರಿಂದ ಹೊಸ ರಿಸೀವರ್‌ನ ಸಬ್‌ವೂಫರ್ ತೂತಿಗೆ ಜೋಡಿಸಿದರೆ ಶಬ್ದ ಬರದು.

ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿಂದ ರಿಸೀವರ್ ತಂದುಕೊಡುವುದೂ ಉಂಟು. ಅಲ್ಲಿನ ಮನೆಗಳ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಹಿಂಭಾಗದಲ್ಲಿ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನೇರವಾಗಿ ಪ್ಲಗ್‌ಗೆ ಸಿಕ್ಕಿಸಬೇಡಿ, ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಸಾಕಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.

ಸೆಕೆಂಡ್‌ಹ್ಯಾಂಡ್ ರಿಸೀವರ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಒಂದೇ ಎಚ್.ಡಿ.ಎಂ.ಐ. ಕೇಬಲ್‌ನಲ್ಲಿ ಟಿ.ವಿ.ಯ ಧ್ವನಿಯನ್ನು ರಿಸೀವರ್‌ಗೆ ಮರಳಿ ತರುವ ‘ಎ.ಆರ್.ಸಿ.’ ಸೌಲಭ್ಯ ಬಂದದ್ದು 2009ರ ಮಾನಕದೊಂದಿಗೆ. ಅದಕ್ಕೂ ಹಳೆಯ ರಿಸೀವರ್ ಆದರೆ ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿಯೂ ಡಾಲ್ಬಿ ಡಿಜಿಟಲ್ 5.1 ಧ್ವನಿ ಬರುತ್ತದೆ.

ಕೊಳ್ಳುವ ಮೊದಲು

1. ಸ್ಪೀಕರ್‌ನ ಓಮ್ ಮತ್ತು ಸಂವೇದನಶೀಲತೆ, ಕೂರುವ ದೂರ, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

2. ರಿಸೀವರ್ ಒಪ್ಪುವ ಕನಿಷ್ಠ ಓಮ್ ನಿಮ್ಮ ಸ್ಪೀಕರ್‌ನದಕ್ಕಿಂತ ಹೆಚ್ಚಿರಬಾರದು. ಒಂದು ತುದಿಗೆ ಒಂದೇ ಸ್ಪೀಕರ್ ಜೋಡಿಸಿ.

3. ಒಟ್ಟು ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸ್ಪೀಕರ್‌ಗಳಿಗೆ ಇಡಿ. ಒಳ್ಳೆಯ ಸ್ಪೀಕರ್ ದಶಕಗಳ ಕಾಲ ಬಾಳುತ್ತದೆ, ರಿಸೀವರ್‌ನ ಚಿಪ್‌ಗಳು ಬೇಗ ಹಳತಾಗುತ್ತವೆ.

4. ಐದು ಸ್ಪೀಕರ್ ಮಾತ್ರ ಇಡುವವರು ಏಳು, ಒಂಬತ್ತು ಚಾನೆಲ್‌ಗೆ ಹಣ ತೆರಬೇಡಿ.

5. ದುಬಾರಿ ಸ್ಪೀಕರ್ ಕೇಬಲ್ ಬೇಡ, ಸಾಕಷ್ಟು ದಪ್ಪದ ತಾಮ್ರದ ತಂತಿ ಸಾಕು. 10 ಮೀಟರ್ ದೂರಕ್ಕೆ ಹೋಗಿಬರುವ ತಂತಿ 20 ಮೀಟರ್. 1.5 ಚದರ ಮಿಲಿಮೀಟರ್ ತಂತಿಯಾದರೆ ಅದರ ರೋಧ ಸುಮಾರು 0.23 ಓಮ್. 8 ಓಮ್ ಸ್ಪೀಕರ್‌ಗೆ ಇದು ಶೇಕಡ 3ರಷ್ಟು, ನಗಣ್ಯ. 4 ಓಮ್ ಆದರೆ 2.5 ಚದರ ಮಿಲಿಮೀಟರ್‌ನದನ್ನು ಬಳಸಿ.

6. ರಿಸೀವರನ್ನು ಮುಚ್ಚಿದ ಶೋಕೇಸ್‌ನಲ್ಲಿ ಇಡಬೇಡಿ. ಧೂಳು ಕೂರದಿರಲಿ ಎಂದು ಕಸೂತಿ ಬಟ್ಟೆ ಹೊದಿಸಿದರೆ ಉಸಿರುಗಟ್ಟಿಸಿದಂತೆ. ಮೇಲೆ ಒಂದು ಗೇಣಿನಷ್ಟಾದರೂ ಜಾಗ ಬಿಡಿ.

ಕೊನೆಯದಾಗಿ, ರಿಸೀವರ್ ಮತ್ತು ಸ್ಪೀಕರ್‌ಗಳ ಜೊತೆ ಈ ವ್ಯವಸ್ಥೆಯಲ್ಲಿ ಇನ್ನೊಂದು ಅಂಗವಿದೆ, ನಿಮ್ಮ ಕಿವಿ. 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳುವುದು ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 89 ಡೆಸಿಬೆಲ್‌ಗೆ ಉಳಿಯುವುದು ವಾರಕ್ಕೆ 5 ಗಂಟೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಸುಟ್ಟ ಟ್ವೀಟರನ್ನು ಕೆಲವು ನೂರು ರೂಪಾಯಿಗೆ ಬದಲಿಸಬಹುದು. ಒಳಗಿವಿಯಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಪರಿಚಯದವರ ಮನೆಯಲ್ಲಿ ಈಗ ಹಳೆಯ ಜೋಡಿ ಮತ್ತೆ ಅಟ್ಟ ಸೇರಿದೆ. 4 ಓಮ್ ಸ್ಪೀಕರ್‌ಗಳ ಬದಲು 8 ಓಮ್‌ನ, 89 ಡೆಸಿಬೆಲ್‌ನ ಸಾಧಾರಣ ಜೋಡಿಯೊಂದು ಬಂದಿದೆ. ರಿಸೀವರ್ ಅದೇ. ಮೊದಲಿನಷ್ಟು ವಾಲ್ಯೂಮ್ ತಿರುಗಿಸುವ ಅಗತ್ಯವೇ ಬೀಳುತ್ತಿಲ್ಲವಂತೆ.